ಗವಂಡಿಯ ಕೈ ನಿಲ್ಲಬಾರದು: ಬಡ ಕುಟುಂಬಗಳಿಗೆ ಮನೆ ಕಟ್ಟುವ ಸ್ವಯಂಸೇವಕ ತಂಡದ ಮುಂದಾಳಿಗೆ ಒಂದು ಸಮಗ್ರ ಮಾರ್ಗದರ್ಶಿ

ರವಿವಾರ ಬೆಳಿಗ್ಗೆ ಕರ್ಜತ್ ಲೋಕಲಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಿಂತವರೆಲ್ಲ ಗುಡ್ಡ ಹತ್ತಲು ಹೊರಟವರೇ ಆಗಿರುವುದಿಲ್ಲ. ದೀಪಾವಳಿ ಕಳೆದ ಮೇಲಿನ ತಿಂಗಳುಗಳಲ್ಲಿ ಅವರಲ್ಲಿ ಕೆಲವರ ಚೀಲದೊಳಗೆ ರಬ್ಬರ್ ಕೈಗವಸು, ಹಳೆಯ ಬೂಟು, ಅಳತೆಯ ಟೇಪು ಇರುತ್ತವೆ. ರಾಯಗಡ ಜಿಲ್ಲೆಯ ಕರ್ಜತ್, ಖಾಲಾಪುರ, ಪನವೇಲ್ ತಾಲೂಕುಗಳ ಯಾವುದೋ ಆದಿವಾಸಿ ವಾಡಿಯಲ್ಲಿ ಒಂದು ಕುಟುಂಬದ ಮನೆಗೆ ಇಟ್ಟಿಗೆ ಹೊರಲು ಹೊರಟವರು ಅವರು. ಇಟ್ಟಿಗೆ ಹೊರುವುದನ್ನು ಯಾರಾದರೂ ಒಂದು ಗಂಟೆಯಲ್ಲಿ ಕಲಿಯಬಹುದು. ಆದರೆ ಹದಿನೈದು ಜನರನ್ನು ಕರೆದೊಯ್ದು, ಸಂಜೆ ಅವರೆಲ್ಲರನ್ನೂ ಗಾಯವಿಲ್ಲದೆ ಮರಳಿ ರೈಲು ಹತ್ತಿಸಿ, ನಡುವಿನ ಹೊತ್ತಿನಲ್ಲಿ ಗೋಡೆಯೂ ನೆಟ್ಟಗೆ ಏಳುವಂತೆ ನೋಡಿಕೊಳ್ಳುವುದು ಬೇರೆಯದೇ ಕೆಲಸ. ಆ ಹೊಣೆ ಹೊರಲು ಮುಂದಾಗುವ ಮುಂಬಯಿ, ಪುಣೆಯ ಕನ್ನಡಿಗರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲ ಎರಡು ವರ್ಷ ನಾನೇ ಈ ಕೆಲಸವನ್ನು ತಲೆಕೆಳಗಾಗಿ ತಿಳಿದಿದ್ದೆ. ಬಂದ ಸ್ವಯಂಸೇವಕರು ಬೇಸರಪಡದಂತೆ ಗವಂಡಿಯವರು, ಅಂದರೆ ಗಾರೆ ಕೆಲಸದ ಮೇಸ್ತ್ರಿಗಳು, ಅವರಿಗೆ ಕೆಲಸ ಹಂಚಿ ಕೊಡಬೇಕೆಂದು ನಿರೀಕ್ಷಿಸುತ್ತಿದ್ದೆ. ಹಾಗೆ ಮಾಡಿದ ದಿನಗಳಲ್ಲಿ ಗೋಡೆ ಇಟ್ಟಿಗೆಯ ಮೂರು ಸಾಲು, ಅಂದರೆ ಮೂರು ವರಸೆಯಷ್ಟೂ ಏರುತ್ತಿರಲಿಲ್ಲ, ಏಕೆಂದರೆ ಊರಿನಲ್ಲಿ ಒಂದೇ ಒಂದು ಜತೆ ಪಳಗಿದ ಕೈಗಳಿದ್ದು, ಅವು ನಮಗೆ ಪಾಠ ಹೇಳುವುದರಲ್ಲಿ ಕಳೆದುಹೋಗುತ್ತಿದ್ದವು. ಈಗ ನನ್ನ ತಂಡದಲ್ಲಿರುವ ನಿಯಮ ಒಂದೇ: ಗವಂಡಿಯ ಕೈ ನಿಲ್ಲಬಾರದು. ಅವರು ಬಲಗೈಯಲ್ಲಿ ಕರಣೆ ಹಿಡಿದು ಎಡಗೈ ಚಾಚಿದಾಗ ಇಟ್ಟಿಗೆ ಅಲ್ಲಿರಬೇಕು, ಗಾರೆ ಬಾಂಡ್ಲಿಯಲ್ಲಿರಬೇಕು, ನೀರು ಡ್ರಮ್ಮಿನಲ್ಲಿರಬೇಕು. ಮುಂದಾಳಿನ ಉಳಿದೆಲ್ಲ ಕೆಲಸ ಇದರಿಂದಲೇ ಹುಟ್ಟುತ್ತದೆ.

ಮೊದಲು ಇನ್ನೊಬ್ಬರ ಕೈಕೆಳಗೆ ದುಡಿಯಿರಿ

ತಂಡ ಕಟ್ಟುವ ಮೊದಲು ಕನಿಷ್ಠ ಐದು ದಿನ, ನಾಲ್ಕು ಬೇರೆ ಬೇರೆ ಹಂತಗಳಲ್ಲಿ, ಸಾಮಾನ್ಯ ಸ್ವಯಂಸೇವಕರಾಗಿ ದುಡಿದಿರಬೇಕು: ಪಾಯಕ್ಕೆ ಒಂದು ದಿನ, ಗೋಡೆಗೆ ಎರಡು, ಸ್ಲ್ಯಾಬಿಗೆ ಒಂದು, ಗಿಲಾವಿಗೆ (ಗೋಡೆಯ ಮೇಲಿನ ಗಾರೆ ಲೇಪಕ್ಕೆ) ಒಂದು. ಈ ಅವಕಾಶ ಕೊಡುವ ಸಂಸ್ಥೆಗಳಲ್ಲಿ ಹೆಚ್ಚು ಪರಿಚಿತವಾದುದು ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ. 1976ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಆರಂಭಿಸಿದ ಈ ಸಂಸ್ಥೆ ಭಾರತಕ್ಕೆ ಬಂದದ್ದು 1983ರಲ್ಲಿ. ಮನೆ ಪಡೆಯುವ ಕುಟುಂಬವೂ ತನ್ನ ದುಡಿಮೆಯನ್ನು ಅದಕ್ಕೆ ಸೇರಿಸಬೇಕು ಎಂಬ 'ಬೆವರಿನ ಪಾಲಿ'ನ ಕಲ್ಪನೆ ಅದರದು. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ರೋಸಲಿನ್ ಕಾರ್ಟರ್ ಲೋಣಾವಳಾ ಬಳಿಯ ಪಾಟಣ್ ಗ್ರಾಮಕ್ಕೆ ಬಂದು, ಸ್ವಯಂಸೇವಕರೊಂದಿಗೆ 100 ಮನೆಗಳ ಕಟ್ಟೋಣದಲ್ಲಿ ಕೈಜೋಡಿಸಿದರು. ಎಂಬತ್ತು ದಾಟಿದ ಮಾಜಿ ಅಧ್ಯಕ್ಷರು ಇಟ್ಟಿಗೆ ಹಿಡಿದದ್ದು ಆಗ ಪತ್ರಿಕೆಗಳಿಗೆ ದೊಡ್ಡ ಸುದ್ದಿ. ಆದರೆ ಅಷ್ಟು ಜನ ಒಂದೇ ವಾರ ಗೋಡೆ ಏರಿಸಬೇಕಾದರೆ ಪಾಯ, ಸಾಮಗ್ರಿ, ನೀರು ಎಲ್ಲವೂ ಮೊದಲೇ ಸಜ್ಜಾಗಿರಬೇಕು ಎಂಬುದನ್ನು ಕಲಿಯುವವರು ಗಮನಿಸಬೇಕು.

ಕುಟುಂಬದ ಮನೆಗೆ ಎರಡು ಸಲ ಹೋಗಿ

ಕೆಲಸದ ಜಾಗಕ್ಕೆ ಮೊದಲ ಭೇಟಿಯನ್ನು ತಂಡವಿಲ್ಲದೆ, ಒಬ್ಬರೋ ಇಬ್ಬರೋ ಹೋಗಿ ಮಾಡಬೇಕು. ರಾಯಗಡದ ವಾಡಿಗಳಲ್ಲಿ ನಾವು ಹೆಚ್ಚಾಗಿ ಭೇಟಿಯಾಗುವುದು ಕಾತಕರಿ ಸಮುದಾಯದವರನ್ನು. ಖೈರದ ಮರದಿಂದ ಕಾಚು ತೆಗೆಯುತ್ತಿದ್ದುದರಿಂದ ಈ ಹೆಸರು ಬಂದಿದೆ. ಮಹಾರಾಷ್ಟ್ರದಲ್ಲಿ ವಿಶೇಷವಾಗಿ ದುರ್ಬಲವೆಂದು ಸರ್ಕಾರ ಗುರುತಿಸಿದ ಮೂರು ಬುಡಕಟ್ಟುಗಳಲ್ಲಿ ಇದೂ ಒಂದು. ಇವರಲ್ಲಿ ಬಹಳಷ್ಟು ಕುಟುಂಬಗಳು ಮಳೆಗಾಲ ಮುಗಿದೊಡನೆ ಇಟ್ಟಿಗೆ ಭಟ್ಟಿಗಳಿಗೆ ಗುಳೆ ಹೋಗಿ, ಮುಂದಿನ ಮಳೆಯ ಹೊತ್ತಿಗೆ ಮರಳುತ್ತವೆ. ಮನೆ ಕಟ್ಟಲು ಯೋಗ್ಯವಾದ ತಿಂಗಳುಗಳೂ ಅವೇ. ಹೀಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಮನೆಯ ನಕ್ಷೆಯದಲ್ಲ. ಈ ವರ್ಷ ಭಟ್ಟಿ ಮಾಲೀಕನಿಂದ ಮುಂಗಡ ಪಡೆದಿದ್ದಾರೆಯೇ ಎಂಬುದು. ಪಡೆದಿದ್ದರೆ ಮನೆಯಲ್ಲಿ ಅಜ್ಜಿ, ಒಂದೆರಡು ಮಕ್ಕಳು ಮಾತ್ರ ಇರುತ್ತಾರೆ, ಮತ್ತು ನೀವು ಯಾರಿಗಾಗಿ ಕಟ್ಟುತ್ತಿದ್ದೀರೋ ಅವರು ಮುಂಬಯಿಯ ಇನ್ಯಾರದೋ ಕಟ್ಟಡಕ್ಕೆ ಇಟ್ಟಿಗೆ ಸುಡುತ್ತಿರುತ್ತಾರೆ. ಅಂಥ ಮನೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು, ಮುಂಗಡದ ಹೊತ್ತಿಗೆ ಮೊದಲೇ ಅವರೊಂದಿಗೆ ಮಾತನಾಡುವುದು ಲೇಸು.

ಕುಟುಂಬದವರು ಜತೆಗಿದ್ದರೆ ಇನ್ನೊಂದು ಅನುಕೂಲವಿದೆ. ಇಟ್ಟಿಗೆ ಚೆನ್ನಾಗಿ ಬೆಂದಿದೆಯೋ ಇಲ್ಲವೋ ಎಂಬುದನ್ನು ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿ, ಸದ್ದು ಕೇಳಿ ಹೇಳಬಲ್ಲವರು ಅವರು. ಸ್ವಯಂಸೇವಕರಿಗೆ ಇಟ್ಟಿಗೆಯ ಮೊದಲ ಪಾಠ ಹೇಳುವ ಕೆಲಸವನ್ನು ನಾನು ಮನೆಯ ಯಜಮಾನಿತಿಗೇ ವಹಿಸುತ್ತೇನೆ. 'ಪಾಪ, ಬಡವರು' ಎಂದುಕೊಂಡು ಬಂದವರ ಮುಖಭಾವ ಆ ಹತ್ತು ನಿಮಿಷಗಳಲ್ಲಿ ಬದಲಾಗುವುದನ್ನು ಹಲವು ಬಾರಿ ನೋಡಿದ್ದೇನೆ.

ಎರಡನೆಯ ಭೇಟಿ ಕಾಗದಪತ್ರಗಳದು. ಮನೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮಂಜೂರಾಗಿದ್ದರೆ ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ, ಗುಡ್ಡಗಾಡು ಪ್ರದೇಶಗಳಲ್ಲಿ 1.30 ಲಕ್ಷ ರೂಪಾಯಿ ಕಂತುಗಳಲ್ಲಿ ಬರುತ್ತದೆ. ಅಡುಗೆಯ ಜಾಗವೂ ಸೇರಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಶೌಚಾಲಯಕ್ಕೆ ಬೇರೆಯಾಗಿ 12,000 ರೂಪಾಯಿ ಇದೆ. ಕಾತಕರಿಗಳಂಥ ಸಮುದಾಯಗಳಿಗೆ 2023ರ ನವೆಂಬರಿನಲ್ಲಿ ಆರಂಭವಾದ ಪಿಎಂ-ಜನ್‌ಮನ್ ಅಡಿಯಲ್ಲಿ ಮನೆಗೆ 2 ಲಕ್ಷ ರೂಪಾಯಿಯ ನೆರವಿದೆ. ಪರಿಶಿಷ್ಟ ಪಂಗಡದವರಿಗೆ ರಾಜ್ಯದ ಶಬರಿ, ಪರಿಶಿಷ್ಟ ಜಾತಿ ಮತ್ತು ನವಬೌದ್ಧರಿಗೆ ರಮಾಯಿ ಘರ್‌ಕುಲ್ (ಮನೆ) ಯೋಜನೆಗಳಿವೆ. ಹಳ್ಳಿಯಲ್ಲಿ ಯಾರೂ ಯೋಜನೆಯ ಪೂರ್ಣ ಹೆಸರು ಹೇಳುವುದಿಲ್ಲ, 'ಘರ್‌ಕುಲ್ ಬಂದಿದೆ' ಎನ್ನುತ್ತಾರೆ. ಯಾವ ಘರ್‌ಕುಲ್ ಎಂದು ಗ್ರಾಮಸೇವಕರಲ್ಲಿ ಕೇಳಿ ತಿಳಿಯಬೇಕು.

ಮುಂದಾಳಿಗೆ ಇದರಲ್ಲಿ ಮೂರು ಸಂಗತಿಗಳು ಮುಖ್ಯ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಯನ್ನು ಫಲಾನುಭವಿಯೇ ಕಟ್ಟಬೇಕು ಅಥವಾ ತನ್ನ ಮೇಲ್ವಿಚಾರಣೆಯಲ್ಲಿ ಕಟ್ಟಿಸಬೇಕು, ಗುತ್ತಿಗೆದಾರರಿಗೆ ಅಲ್ಲಿ ಪ್ರವೇಶವಿಲ್ಲ. ನಿಮ್ಮ ತಂಡವೂ ಗುತ್ತಿಗೆದಾರನಂತೆ ವರ್ತಿಸಬಾರದು, ಹಣ ನಿಮ್ಮ ಕೈಗೆ ಬರಬಾರದು. ಎರಡನೆಯದಾಗಿ, ಹಂತ ಹಂತದ ಕೆಲಸದ ಫೋಟೊ, ಜಾಗದ ಗುರುತಿನ ಸಮೇತ, ಇಲಾಖೆಯ ಆ್ಯಪಿಗೆ ಸೇರಿದ ಮೇಲೆಯೇ ಮುಂದಿನ ಕಂತು ಬಿಡುಗಡೆಯಾಗುತ್ತದೆ. ಹುಮ್ಮಸ್ಸಿನಲ್ಲಿ ಒಂದೇ ರಜಾದಿನ ಎರಡು ಹಂತ ಮುಗಿಸಿ, ನಡುವಿನ ಫೋಟೊ ಇಲ್ಲದೆ ಕುಟುಂಬದ ಕಂತು ತಡೆಯಾದರೆ ಆ ಹುಮ್ಮಸ್ಸಿಗೆ ಬೆಲೆ ತೆರುವವರು ಅವರೇ. ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ತಮ್ಮ ಮನೆಯ ಕೆಲಸಕ್ಕೆ ತಾವೇ ದುಡಿದ ದಿನಗಳಿಗೆ ಕುಟುಂಬದವರು ಉದ್ಯೋಗ ಖಾತ್ರಿಯಡಿ ಕೂಲಿ ಪಡೆಯುವ ಅವಕಾಶವೂ ಈ ಯೋಜನೆಯಲ್ಲಿದೆ. ನಾವು ಹದಿನೈದು ಜನ ಹೋಗಿ ಪಾಯದ ಮಣ್ಣನ್ನೆಲ್ಲ ತೋಡಿ ಮುಗಿಸಿದರೆ, ಅವರ ಪಾಲಿನ ದುಡಿಮೆಯ ದಿನಗಳನ್ನು ತಿಂದಂತಾಗುತ್ತದೆ. ಯಾವ ಕೆಲಸ ಅವರ ಮಸ್ಟರಿನಲ್ಲಿ (ಕೂಲಿಯ ಹಾಜರಿ ಪಟ್ಟಿಯಲ್ಲಿ) ಹೋಗಲಿದೆ ಎಂದು ಮೊದಲೇ ಕೇಳಿಕೊಂಡು, ಉಳಿದುದಕ್ಕೆ ಮಾತ್ರ ತಂಡವನ್ನು ಹಚ್ಚಿ.

ಜಾಗದ ದಾಖಲೆಯನ್ನೂ ನೋಡಲೇಬೇಕು. ಸಾತ್‌ಬಾರಾ ಉತಾರೆಯಲ್ಲಿ (ಜಮೀನಿನ ಪಹಣಿಯಲ್ಲಿ) ಯಾರ ಹೆಸರಿದೆ, ಜಾಗ ಗಾವಠಾಣದೊಳಗೆ (ಊರಿನ ವಸತಿ ಜಾಗದೊಳಗೆ) ಇದೆಯೇ, ಅರಣ್ಯ ಇಲಾಖೆಯದೇ, ಖಾಸಗಿ ಮಾಲೀಕರದೇ ಎಂಬುದು ಸ್ಪಷ್ಟವಾಗುವ ತನಕ ಒಂದು ಗುದ್ದಲಿಯನ್ನೂ ಹಾಕಬೇಡಿ. ತಲೆಮಾರುಗಳಿಂದ ವಾಸಿಸುತ್ತಿದ್ದರೂ ಕಾಗದದಲ್ಲಿ ಬೇರೆಯವರ ಹೆಸರಿರುವ ವಾಡಿಗಳು ಈ ಭಾಗದಲ್ಲಿ ಅಪರೂಪವೇನಲ್ಲ.

ಇಳಿಜಾರನ್ನು ನೋಡುವ ಕಣ್ಣು

2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ್ ಗ್ರಾಮ ಗುಡ್ಡದ ಕೆಳಗೆ ಹೂತುಹೋಯಿತು. 2023ರ ಜುಲೈ 19ರ ರಾತ್ರಿ ಖಾಲಾಪುರ ತಾಲೂಕಿನ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. ಸಹ್ಯಾದ್ರಿಯ ಮಗ್ಗುಲಲ್ಲಿ ಮನೆ ಕಟ್ಟುವವರು ಈ ಎರಡು ರಾತ್ರಿ-ಬೆಳಗುಗಳನ್ನು ಮರೆಯುವಂತಿಲ್ಲ. ಜಾಗದ ಮೇಲ್ಭಾಗದ ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕುಗಳು, ಒಂದೇ ದಿಕ್ಕಿಗೆ ವಾಲಿದ ಮರಗಳು, ಮಳೆಗಾಲದಲ್ಲಿ ಹೊಸದಾಗಿ ಕಾಣಿಸಿಕೊಂಡ ಒರತೆಗಳು, ಗುಡ್ಡದ ಬುಡವನ್ನು ಕಡಿದು ಮಾಡಿದ ಸಮತಟ್ಟು, ಇವುಗಳಲ್ಲಿ ಯಾವುದೊಂದು ಕಂಡರೂ ಪಂಚಾಯತ್ ಸಮಿತಿಯ ಎಂಜಿನಿಯರರನ್ನು ಕರೆಸಿ ತೋರಿಸಬೇಕು. ಅವರು ಒಪ್ಪದಿದ್ದರೆ ಅಲ್ಲಿ ಕಟ್ಟಬೇಡಿ. ದೇಣಿಗೆ ಸಂಗ್ರಹವಾಗಿದೆ, ತಂಡ ಸಿದ್ಧವಾಗಿದೆ ಎಂಬ ಕಾರಣಕ್ಕೆ ಅಪಾಯದ ಜಾಗದಲ್ಲಿ ಗಟ್ಟಿ ಮನೆ ಕಟ್ಟಿಕೊಡುವುದು, ಮಳೆ ಬಂದಾಗ ಬಿಟ್ಟುಹೋಗಬಹುದಾಗಿದ್ದ ಕುಟುಂಬವನ್ನು ಅಲ್ಲಿಯೇ ಕಟ್ಟಿಹಾಕಿದಂತೆ.

ಯಾವ ತಿಂಗಳು

ಬೇಸಿಗೆ ರಜೆಯಲ್ಲಿ ಸ್ವಯಂಸೇವಕರು ಧಾರಾಳವಾಗಿ ಸಿಗುತ್ತಾರೆ, ಮಳೆಯೂ ಇರುವುದಿಲ್ಲ. ಆದರೂ ಏಪ್ರಿಲ್, ಮೇ ತಿಂಗಳುಗಳನ್ನು ನಾನು ಬಿಡುತ್ತೇನೆ. ಧಾರಾಕಾರ ಮಳೆ ಸುರಿಯುವ ಇದೇ ಗುಡ್ಡಗಳ ಬಾವಿಗಳು ಆ ಹೊತ್ತಿಗೆ ತಳ ಕಾಣುತ್ತವೆ, ವಾಡಿಯ ಹೆಂಗಸರು ಕೊಡ ನೀರಿಗೆ ಅರ್ಧ ದಿನ ಕಳೆಯುತ್ತಾರೆ. ಅಂಥ ಕಡೆ ಸಿಮೆಂಟಿಗೆ ನೀರುಣಿಸಲು ಹೊರಡುವುದು ಊರಿನ ಬಾಯಿಗೆ ಬರುವ ನೀರನ್ನು ಗೋಡೆಗೆ ಎರೆದಂತೆ. ದೀಪಾವಳಿಯಿಂದ ಶಿವರಾತ್ರಿಯ ತನಕದ ಅವಧಿ ಉತ್ತಮ. ಹೋಳಿ ಹುಣ್ಣಿಮೆಯ ಹೊತ್ತಿಗೆ ಸ್ಲ್ಯಾಬ್ ಮುಗಿದಿರಬೇಕು.

ತಂಡ ಕಟ್ಟುವುದು

ಒಬ್ಬ ಗವಂಡಿಗೆ ನಾಲ್ಕರಿಂದ ಐದು ಸ್ವಯಂಸೇವಕರು: ಒಬ್ಬರು ಇಟ್ಟಿಗೆ ಕೊಡುವವರು, ಒಬ್ಬರು ಗಾರೆ ಕೊಡುವವರು, ಇಬ್ಬರು ಕಲಸುವವರು, ಒಬ್ಬರು ನೀರು ಮತ್ತು ಓಡಾಟಕ್ಕೆ. ಇದಕ್ಕಿಂತ ಹೆಚ್ಚಾದರೆ ಜನ ಒಬ್ಬರ ಕಾಲಿಗೊಬ್ಬರು ಸಿಕ್ಕಿಕೊಳ್ಳುತ್ತಾರೆ. ಮೂವರು ಗವಂಡಿಗಳಿರುವ ಮನೆಗೆ ಹದಿನೈದು ಜನ ಸಾಕು. ಕಂಪನಿಯೊಂದು ಒಂದೇ ದಿನಕ್ಕೆ ಐವತ್ತು ಉದ್ಯೋಗಿಗಳನ್ನು ಬಸ್ಸಿನಲ್ಲಿ ಕಳಿಸುತ್ತೇನೆಂದರೆ ನಾಲ್ಕು ರವಿವಾರಗಳಿಗೆ ಹಂಚಲು ಕೇಳಿ. ಒಪ್ಪದಿದ್ದರೆ ನಯವಾಗಿ ಬೇಡವೆನ್ನಿ.

ಕನ್ನಡಿಗ ಮುಂದಾಳಿಗೆ ಇಲ್ಲೊಂದು ಬಲವಿದೆ. ಪುಣೆ, ಪನವೇಲ್ ಸುತ್ತಮುತ್ತ ಗಾರೆ ಕೆಲಸಕ್ಕೆ ಸಿಗುವವರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಬಹಳ. ಮರಾಠಿಯಲ್ಲಿ 'ಹೋ, ಹೋ' ಎಂದು ತಲೆಯಾಡಿಸಿ ಸುಮ್ಮನಾಗುವ ಅದೇ ಗವಂಡಿ, "ಮಾಮಾ, ಈ ವರಸಿ ಸ್ವಲ್ಪ ಹೊರಗ ಬಂದಂಗ ಕಾಣ್ತದ, ನೋಡ್ರಿ" ಎಂದರೆ ತೂಗುಗುಂಡು ಬಿಟ್ಟು ನೋಡಿ, "ಹೌದ್ರಿ ಸರ, ನಿಮ್ಮ ಹುಡುಗ್ರು ದಾರಕ್ಕ ತಾಗಿಸಿ ಇಟ್ಟಾರ, ಬಿಚ್ಚಬೇಕಾಗ್ತದ" ಎಂದು ಮನಬಿಚ್ಚಿ ಹೇಳುತ್ತಾರೆ. ಕುಟುಂಬದವರೊಡನೆ ಮರಾಠಿಯಲ್ಲಿ ದಾದಾ, ಮಾವಶಿ ಎಂದು ಮಾತನಾಡಿ, ಗವಂಡಿಯವರೊಡನೆ ಅವರ ಊರಿನ ಕನ್ನಡದಲ್ಲಿ ಮಾತನಾಡಿ, ಐಟಿ ಕಂಪನಿಯ ಹುಡುಗರಿಗೆ ಎರಡನ್ನೂ ತಿಳಿಸಿ ಹೇಳುವವರೊಬ್ಬರು ನಡುವೆ ಇದ್ದರೆ ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ನಮ್ಮ ಹಳೆಯ ಸಂಘಗಳಿಗೆ ನಾಟಕ, ಸಂಗೀತಕ್ಕೆ ಬರುವ ಮುಂಬಯಿ ಕನ್ನಡಿಗರಿಗೂ ನಾಕಾದಲ್ಲಿ (ಬೀದಿ ಕೂಡುವ ಕಡೆ) ಕೂಲಿಗೆ ನಿಲ್ಲುವ ಕನ್ನಡಿಗರಿಗೂ ಭೇಟಿಯೇ ಆಗುವುದಿಲ್ಲ ಎಂಬ ನನ್ನ ಹಳೆಯ ಕೊರಗು ಇಂಥ ಕೆಲಸದಲ್ಲಿ ತುಸು ಕಡಿಮೆಯಾಗಿದೆ.

ಗವಂಡಿಗೆ ನಾಕಾದ ಪೂರ್ತಿ ದಿನಗೂಲಿಯನ್ನು ಅದೇ ಸಂಜೆ ಕೊಡಬೇಕು. 'ಪುಣ್ಯದ ಕೆಲಸ, ಸ್ವಲ್ಪ ಕಡಿಮೆ ಮಾಡಿಕೊಳ್ಳಿ' ಎಂಬ ಮಾತು ನಿಮ್ಮ ಬಾಯಿಂದ ಬರಲೇಬಾರದು. ನಾವು ಪುಕ್ಕಟೆ ದುಡಿಯುವುದು ನಮಗೆ ತಿಂಗಳ ಸಂಬಳವಿರುವುದರಿಂದ. ಹದಿನೆಂಟರಿಂದ ಅರವತ್ತು ವಯಸ್ಸಿನೊಳಗಿದ್ದು ಹಿಂದಿನ ವರ್ಷ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು ಎಂಬುದನ್ನು ಚಹಾದ ಹೊತ್ತಿನಲ್ಲಿ ತಿಳಿಸಿ, ಅರ್ಜಿ ತುಂಬಲು ತಂಡದ ಒಬ್ಬರನ್ನು ಕೂರಿಸಿದರೆ ಆ ದಿನ ಇನ್ನೊಂದು ಉಪಕಾರವಾಗುತ್ತದೆ.

ಲೆಕ್ಕ

25 ಚದರ ಮೀಟರಿನ, ಅಂದರೆ ಐದಕ್ಕೈದು ಮೀಟರಿನ, ನಡುವೆ ಒಂದು ಅಡ್ಡಗೋಡೆಯಿರುವ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಗೋಡೆಗಳ ಒಟ್ಟು ಉದ್ದ 25 ಮೀಟರ್, ಎತ್ತರ 3 ಮೀಟರ್. ಬಾಗಿಲು ಕಿಟಕಿಗಳನ್ನು ಕಳೆದರೆ ಸುಮಾರು 65 ಚದರ ಮೀಟರ್. ಒಂಬತ್ತು ಇಂಚಿನ ಗೋಡೆಯಾದರೆ 15 ಘನ ಮೀಟರ್, ಘನ ಮೀಟರಿಗೆ ಸುಮಾರು 500ರಂತೆ 7,500 ಇಟ್ಟಿಗೆ. ಪಳಗಿದ ಗವಂಡಿ ದಿನಕ್ಕೆ 500ರ ಆಸುಪಾಸು ಇಟ್ಟಿಗೆ ಇಡುತ್ತಾರೆ. ಹಾಗಾದರೆ ಮೂವರಿಗೆ ಐದು ದಿನದ ಕೆಲಸ. ಸ್ವಯಂಸೇವಕರು ಎಷ್ಟೇ ಜನ ಬಂದರೂ ಈ ಐದು ದಿನ ಮೂರಾಗುವುದಿಲ್ಲ, ಆದರೆ ಅವರು ಸರಿಯಾಗಿ ನಿಲ್ಲದಿದ್ದರೆ ಎಂಟಾಗುತ್ತದೆ. ಈ ಲೆಕ್ಕವನ್ನು ಮೊದಲ ದಿನವೇ ಎಲ್ಲರೆದುರು ಹೇಳುವುದರಿಂದ, 'ನಾವೇ ಇಡೀ ಮನೆ ಕಟ್ಟಿಬಿಡುತ್ತೇವೆ' ಎಂಬ ಉತ್ಸಾಹ ನೆಲಕ್ಕೆ ಇಳಿಯುತ್ತದೆ.

ಒಡೆಯುವ ಇಟ್ಟಿಗೆಗೆಂದು ನೂರಕ್ಕೆ ಐದು ಹೆಚ್ಚಿಗೆ ತರಿಸಿ. ಸಿಮೆಂಟಿನ 50 ಕೆ.ಜಿ. ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರವಾಗಿ ಪೇರಿಸಿ, ಮೊದಲು ಬಂದ ಚೀಲವನ್ನು ಮೊದಲು ಒಡೆಯಿರಿ. ಲಾರಿ ವಾಡಿಯ ತನಕ ಬರುತ್ತದೆಯೇ ಎಂದು ನಡೆದು ನೋಡಿರಬೇಕು. ಕೊನೆಯ ಇನ್ನೂರು ಮೀಟರ್ ಕಾಲುದಾರಿಯಾಗಿದ್ದರೆ ಒಂದು ಇಡೀ ರವಿವಾರ ಸಾಮಾನು ಸಾಗಿಸುವುದಕ್ಕೇ ಬೇಕು, ಮತ್ತು ಪಳಗದ ಕೈಗಳಿಗೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ. (ಗೋವಾದಲ್ಲಿ ಇದೇ ಕೆಲಸ ಮಾಡುವವರು ನೆನಪಿಡಬೇಕು: ಅಲ್ಲಿಯ ಚಿರೆಕಲ್ಲು ಒಂದೊಂದೂ ಮೂವತ್ತು ಕೆ.ಜಿ.ಯ ಆಸುಪಾಸು ತೂಗುತ್ತದೆ. ಇಟ್ಟಿಗೆಯಂತೆ ಕೈಯಿಂದ ಕೈಗೆ ದಾಟಿಸಲು ಹೋದರೆ ಮಧ್ಯಾಹ್ನದೊಳಗೆ ಸೊಂಟ ಹಿಡಿಯುತ್ತದೆ.)

ಪಾಯದ ದಿನ

ಗುರುತು ಹಾಕುವಾಗ ಮೂಲೆ ಕಾಟಕೋನದಲ್ಲಿ (ಲಂಬಕೋನದಲ್ಲಿ) ಇದೆಯೇ ಎಂದು ನೋಡಲು ಹಳೆಯ ಉಪಾಯವೇ ಸಾಕು: ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಮಾಡಿ, ಅವೆರಡರ ನಡುವೆ ಸರಿಯಾಗಿ 5 ಅಡಿ ಬರಬೇಕು. ಕೊನೆಯಲ್ಲಿ ಎರಡೂ ಕರ್ಣಗಳನ್ನು ಅಳೆಯಿರಿ. ಸಮವಾಗಿ ಬಂದರೆ ಮಾತ್ರ ಸುಣ್ಣದ ಪುಡಿ ಚೆಲ್ಲಬೇಕು. ಪಾಯ ಗಟ್ಟಿ ಮುರುಮಿಗೆ (ಗರಸು ಮಣ್ಣಿಗೆ) ಮುಟ್ಟಬೇಕು. ಎಷ್ಟು ಆಳದಲ್ಲಿ ಅದು ಸಿಗುತ್ತದೆಂದು ಅಕ್ಕಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ಒಂದೂವರೆ ಮೀಟರಿಗಿಂತ ಆಳ ಹೋಗಬೇಕಾಗಿ ಬಂದರೆ ಬದಿಗಳಿಗೆ ಆಸರೆ ಕೊಡದೆ ಯಾರನ್ನೂ ಒಳಗಿಳಿಸಬೇಡಿ. ತೋಡಿದ ಮಣ್ಣನ್ನು ಅಂಚಿನಿಂದ ದೂರ ಹಾಕಿ.

ಗೋಡೆ

ತಂಡದ ಹೆಚ್ಚಿನ ರವಿವಾರಗಳು ಗೋಡೆಯ ಬುಡದಲ್ಲಿಯೇ ಕಳೆಯುತ್ತವೆ, ಹೆಚ್ಚಿನ ತಪ್ಪುಗಳೂ ಅಲ್ಲಿಯೇ ಆಗುತ್ತವೆ.

ಬೆಳಿಗ್ಗೆ ತಲುಪಿದೊಡನೆ ಮೊದಲ ಕೆಲಸ ಇಟ್ಟಿಗೆಯನ್ನು ನೀರಿನಲ್ಲಿ ನೆನೆಹಾಕುವುದು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡು ಗಾರೆಯನ್ನು ಬರಿ ಮರಳಾಗಿಸುತ್ತದೆ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ಮೇಲಿನ ನೀರು ಆರಿದ ಬಳಿಕ ಕೊಡಬೇಕು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಪಾಲನ್ನು ಸಲಿಕೆಯಿಂದ ಅಂದಾಜಿಸದೆ ಡಬ್ಬಿಯಿಂದಲೇ ಅಳೆಯಬೇಕು, ಏಕೆಂದರೆ ಹೊಸಬರ ಸಲಿಕೆ ಬೆಳಿಗ್ಗೆ ತುಂಬಿ, ಮಧ್ಯಾಹ್ನ ಅರ್ಧವಾಗಿ, ಸಂಜೆ ಮನಸ್ಸಿಗೆ ಬಂದಷ್ಟಾಗಿ ಏಳುತ್ತದೆ. ಒಣದಾಗಿಯೇ ಬಣ್ಣ ಒಂದಾಗುವ ತನಕ ಕಲಸಿ, ಆಮೇಲೆ ನೀರು. ನೀರು ಹಾಕಿದ ಗಾರೆಯನ್ನು ಎರಡು ಗಂಟೆಯೊಳಗೆ ಬಳಸಬೇಕು; ಗಟ್ಟಿಯಾಗುತ್ತ ಬಂದುದಕ್ಕೆ ಮತ್ತೆ ನೀರು ಸೇರಿಸಿ ಮೆತ್ತಗೆ ಮಾಡುವುದನ್ನು ಕಂಡರೆ ಆ ಬಾಂಡ್ಲಿಯನ್ನು ಚೆಲ್ಲಿಸಿ. ಊಟದ ಬಿಡುವಿಗೆ ಅರ್ಧ ಗಂಟೆ ಮುಂಚೆ ಕಲಸುವುದನ್ನು ನಿಲ್ಲಿಸಿದರೆ ಚೆಲ್ಲುವ ಪ್ರಸಂಗವೇ ಬರುವುದಿಲ್ಲ.

ಮೂಲೆಗಳನ್ನು ಗವಂಡಿಯವರೇ ಏರಿಸಬೇಕು. ಎರಡು ಮೂಲೆಗಳ ನಡುವೆ ದಾರ ಕಟ್ಟಿದ ಮೇಲೆ, ಆಸೆಯಿದ್ದ ಸ್ವಯಂಸೇವಕರಿಗೆ ನಡುವಿನ ನಾಲ್ಕಾರು ಇಟ್ಟಿಗೆ ಇಡಲು ಬಿಡಬಹುದು. ಇಟ್ಟಿಗೆ ದಾರಕ್ಕೆ ಕೂದಲೆಳೆಯಷ್ಟು ದೂರವಿರಬೇಕು, ತಾಗಬಾರದು. ತಾಗಿದ ಒಂದು ಇಟ್ಟಿಗೆ ದಾರವನ್ನು ಹೊರಗೆ ತಳ್ಳುತ್ತದೆ, ಅದರ ಹಿಂದಿನ ಹತ್ತು ಇಟ್ಟಿಗೆಗಳು ಅದನ್ನೇ ಹಿಂಬಾಲಿಸುತ್ತವೆ. ಒಮ್ಮೆ ನಮ್ಮ ತಂಡ ಹೀಗೆ ಮೂರು ವರಸೆ ಏರಿಸಿ ಚಪ್ಪಾಳೆ ತಟ್ಟಿ ಫೋಟೊ ತೆಗೆಸಿಕೊಂಡ ಮೇಲೆ, ಗುಂಡು ಬಿಟ್ಟು ನೋಡಿದರೆ ಗೋಡೆ ಒಂದು ಇಂಚು ಹೊರಗಿತ್ತು. ಮನೆಯ ಯಜಮಾನಿತಿಯ ಎದುರಿಗೇ ಅಷ್ಟನ್ನೂ ಬಿಚ್ಚಿದೆವು. ಆಕೆ ಏನೂ ಅನ್ನಲಿಲ್ಲ, ಬಿಚ್ಚಿದ ಇಟ್ಟಿಗೆಗಳ ಗಾರೆ ಕೆರೆದು ಪೇರಿಸಲು ಕುಳಿತರು. ಅಂದಿನಿಂದ ಪ್ರತಿ ಎರಡು ವರಸೆಗೊಮ್ಮೆ ಗುಂಡು ಬಿಡುವ ಕೆಲಸ ಮುಂದಾಳಿನದೇ, ಬೇರೆ ಯಾರಿಗೂ ಕೊಡುವುದಿಲ್ಲ.

ಒಂದು ದಿನದಲ್ಲಿ ಗೋಡೆ ಒಂದೂವರೆ ಮೀಟರಿಗಿಂತ ಎತ್ತರ ಏರಬಾರದು. ಕೆಳಗಿನ ಗಾರೆ ಇನ್ನೂ ಹಸಿಯಾಗಿರುತ್ತದೆ. ಬಾಗಿಲು ಕಿಟಕಿಗಳ ಮೇಲೆ ಬರುವ ಲಿಂಟೆಲ್ ಪಟ್ಟಿಯನ್ನು ಎಲ್ಲ ಗೋಡೆಗಳ ಮೇಲೂ ಕಡಿಯದಂತೆ, ಕಬ್ಬಿಣ ಹಾಕಿ ಸುತ್ತುವರಿಸಬೇಕು. ಕಿಟಕಿಯ ಮೇಲಷ್ಟೇ ಹಾಕಿ ಸಿಮೆಂಟು ಉಳಿಸೋಣ ಎಂಬ ಸಲಹೆ ಪ್ರತಿ ಮನೆಯಲ್ಲೂ ಯಾರಿಂದಲಾದರೂ ಬರುತ್ತದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ, ಒಂದನ್ನೊಂದು ಹಿಡಿದುಕೊಳ್ಳದ ದಪ್ಪ ಕಲ್ಲಿನ ಗೋಡೆಗಳ ಕೆಳಗೆ. ನಾಲ್ಕೂ ಗೋಡೆಗಳನ್ನು ಸೊಂಟದ ಉಡಿದಾರದಂತೆ ಬಿಗಿದಿಡುವುದು ಈ ಪಟ್ಟಿ. ಹಣ ಸಾಲದಿದ್ದರೆ ಗಿಲಾವನ್ನು ಮುಂದಿನ ವರ್ಷಕ್ಕೆ ತಳ್ಳಿ, ಪಟ್ಟಿಯನ್ನು ಕಡಿಮೆ ಮಾಡಬೇಡಿ.

ಸ್ಲ್ಯಾಬಿನ ದಿನ

ಸೆಂಟ್ರಿಂಗ್ (ಸ್ಲ್ಯಾಬಿಗೆ ಕೆಳಗಿನಿಂದ ಕೊಡುವ ಹಲಗೆ-ಕಂಬಗಳ ಆಸರೆ) ಮತ್ತು ಕಬ್ಬಿಣ ಕಟ್ಟುವುದು ಬಲ್ಲವರ ಕೆಲಸ, ಅಲ್ಲಿ ಸ್ವಯಂಸೇವಕರಿಗೆ ಜಾಗವಿಲ್ಲ. ಹಿಂದಿನ ದಿನ ಎಂಜಿನಿಯರರು ಬಂದು ಕಬ್ಬಿಣ ನೋಡಿರಬೇಕು; ಸರಳಿನ ಕೆಳಗೆ 20 ಮಿ.ಮೀ. ಜಾಗ ಬಿಡುವ ಬಿಲ್ಲೆಗಳು ಇರಬೇಕು.

ಲೆಕ್ಕ ಹೀಗಿದೆ: 25 ಚದರ ಮೀಟರಿನ, ಹನ್ನೊಂದು ಹನ್ನೆರಡು ಸೆಂಟಿಮೀಟರ್ ದಪ್ಪದ ಸ್ಲ್ಯಾಬಿಗೆ ಸುಮಾರು 3 ಘನ ಮೀಟರ್ ಕಾಂಕ್ರೀಟು, ತೂಕ 7 ಟನ್ನು. ಬಾಂಡ್ಲಿಗೆ 14 ಕೆ.ಜಿ. ಹಿಡಿದರೆ 500 ಬಾಂಡ್ಲಿಗಳು ಕೆಳಗಿನಿಂದ ಮೇಲೆ ಏರಬೇಕು, ನಡುವೆ ನಿಲ್ಲದೆ. ಬಾಂಡ್ಲಿಯನ್ನು ಪೂರ್ತಿ ತುಂಬಬೇಡಿ. ಮೊದಲ ಗಂಟೆಯ ಶೂರರೇ ಮೂರನೆಯ ಗಂಟೆಯಲ್ಲಿ ಸಾಲನ್ನು ಒಡೆಯುತ್ತಾರೆ. ಸಾಲಿನಲ್ಲಿ ಹನ್ನೆರಡು ಜನ ನಿಂತರೆ ಮೂವರು ಕುಳಿತಿರಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಗಬೇಕು. ಖಾಲಿ ಬಾಂಡ್ಲಿಗಳು ಮರಳಲು ಬೇರೆ ದಾರಿ ಇರಬೇಕು, ಮೇಲಿನಿಂದ ಎಸೆಯುವಂತಿಲ್ಲ. ಸಾಲಿನವರು ಸುಸ್ತಾದಾಗ ಕೆಳಗಿನವರು ಕಾಂಕ್ರೀಟನ್ನು ತೆಳ್ಳಗೆ ಮಾಡಲು ನೀರು ಸುರಿಯುತ್ತಾರೆ. ಆ ದಿನ ನನ್ನ ಕಣ್ಣು ಹೆಚ್ಚಾಗಿ ನೀರಿನ ಕೊಡದ ಮೇಲೆಯೇ ಇರುತ್ತದೆ.

ಗಾಯ, ಬಿಸಿಲು, ಚೇಳು

ಬೂಟು, ಕೈಗವಸು, ಹೆಲ್ಮೆಟ್ಟಿಲ್ಲದವರು ಕೆಲಸಕ್ಕಿಳಿಯಬಾರದು. ಹದಿನೆಂಟು ತುಂಬದವರಿಗೆ ಬೇಲಿಯೊಳಗೆ ಪ್ರವೇಶವಿಲ್ಲ, ಎಷ್ಟೇ ದೊಡ್ಡವರ ಮಕ್ಕಳಾದರೂ. ತಲೆಗಿಂತ ಎತ್ತರದ ಪರಾಂಚಿ (ಅಟ್ಟಣೆ) ಹತ್ತುವುದು ಗವಂಡಿಯವರು ಮಾತ್ರ. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಸುಟ್ಟದ್ದು ಸಂಜೆಯ ತನಕ ಗೊತ್ತೇ ಆಗುವುದಿಲ್ಲ. ಬೂಟಿನೊಳಗೆ ಗಾರೆ ಹೋದರೆ ಕೂಡಲೇ ಬಿಚ್ಚಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ ಕಾಲು ಗಂಟೆ ಶುದ್ಧ ನೀರು ಹರಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಧನುರ್ವಾತದ ಚುಚ್ಚುಮದ್ದು ಎಲ್ಲರಿಗೂ ಆಗಿರಲಿ. ಕೆಲಸ ಏಳೂವರೆಗೆ ಶುರುವಾಗಿ ಹನ್ನೆರಡಕ್ಕೆ ನಿಲ್ಲಬೇಕು, ಮತ್ತೆ ಮೂರಕ್ಕೆ.

ಪೇರಿಸಿದ ಇಟ್ಟಿಗೆಯ ಸಂದುಗಳು ಚೇಳುಗಳಿಗೆ ಬಲು ಪ್ರಿಯ. ಕೊಂಕಣದ ಕೆಂಪು ಚೇಳಿನ ಕುಟುಕು ಜೀವ ತೆಗೆಯುವಂಥದ್ದು. ರಾಯಗಡ ಜಿಲ್ಲೆಯದೇ ಆದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಮಾತ್ರೆಯಿಂದ ಈ ಸಾವುಗಳನ್ನು ತಡೆಯಬಹುದೆಂದು ತೋರಿಸಿಕೊಟ್ಟು ಲೋಕಪ್ರಸಿದ್ಧರಾದರು, 2022ರಲ್ಲಿ ಪದ್ಮಶ್ರೀ ಪಡೆದರು. ಔಷಧಿ ಇದೆ, ಆದರೆ ಕೊಡುವುದು ವೈದ್ಯರ ಕೆಲಸ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿದೆ, ಅಲ್ಲಿಗೆ ಎಷ್ಟು ಹೊತ್ತು ಎಂಬುದನ್ನು ಮೊದಲ ಭೇಟಿಯಲ್ಲೇ ಹೋಗಿ ನೋಡಿರಬೇಕು, 108ಕ್ಕೆ ಕರೆ ಮಾಡಲು ಮೊಬೈಲ್ ಸಿಗ್ನಲ್ ವಾಡಿಯ ಯಾವ ಕಲ್ಲಿನ ಮೇಲೆ ಸಿಗುತ್ತದೆ ಎಂಬುದನ್ನೂ ಸಹ. ಪೇರಿಕೆಯನ್ನು ಮೇಲಿನಿಂದ ಒಂದೊಂದೇ ವರಸೆಯಾಗಿ ತೆಗೆಯಿರಿ, ಸಂದಿಗೆ ಬೆರಳು ತೂರಿಸಬೇಡಿ.

ನಾವು ಹೋದ ಮೇಲಿನ ದಿನಗಳು

ರವಿವಾರ ಕಟ್ಟಿದ ಗೋಡೆಗೆ ಸೋಮವಾರ, ಮಂಗಳವಾರ ನೀರುಣಿಸುವವರು ಯಾರು? ಸಾಮಾನ್ಯ ಸಿಮೆಂಟಿಗೆ ಏಳು ದಿನ, ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಹತ್ತು ದಿನ ತೇವ ಆರಬಾರದು. ಈ ಹೊಣೆ ಕುಟುಂಬದ ಮೇಲೆ ಬೀಳುತ್ತದೆ, ಮತ್ತು ಅವರು ಆ ದಿನಗಳಲ್ಲಿ ಬೇರೆ ಕೂಲಿಗೆ ಹೋಗಬೇಕಾದರೆ ಗೋಡೆ ಒಣಗುತ್ತದೆ. ತಂಡದ ಖರ್ಚಿನ ಪಟ್ಟಿಯಲ್ಲಿಯೇ ಎರಡು ದೊಡ್ಡ ಡ್ರಮ್ಮು, ಗೋಣಿಚೀಲ, ಬೇಕಾದರೆ ಟ್ಯಾಂಕರಿನ ಹಣ ಸೇರಿಸಿಡಿ. ಗೋಡೆಗೆ ಒದ್ದೆ ಗೋಣಿ ಇಳಿಬಿಟ್ಟರೆ ಸಾಕಷ್ಟು ನೀರು ಉಳಿಯುತ್ತದೆ. ಸ್ಲ್ಯಾಬಿನ ಮೇಲೆ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಬೇಕು. ಸೆಂಟ್ರಿಂಗಿನ ಕಂಬಗಳನ್ನು ಬಾಡಿಗೆ ಉಳಿಸಲು ಬೇಗ ತೆಗೆಯುವ ಒತ್ತಡ ಬಂದೇ ಬರುತ್ತದೆ. ಎಂಜಿನಿಯರರು ಹೇಳಿದ ದಿನಕ್ಕೆ ಮುಂಚೆ ಒಂದನ್ನೂ ಕದಲಿಸಬಾರದು.

ಗೃಹಪ್ರವೇಶಕ್ಕೆ ಕುಟುಂಬ ಕರೆದರೆ ನಾಲ್ಕೈದು ಜನ ಹೋಗಿ ಊಟ ಮಾಡಿ ಬನ್ನಿ, ಬ್ಯಾನರು ಬೇಡ. ಕಂಪನಿಯ ಹೆಸರಿನ ಫಲಕವನ್ನು ಗೋಡೆಗೆ ಹಚ್ಚುವ ಬೇಡಿಕೆ ಬಂದರೆ ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಬಾಗಿಲಿಗೆ ಬ್ಯಾಂಕಿನ ಹೆಸರು ಬರೆಸಿಕೊಂಡಿದ್ದೇವೆಯೇ?

ಮುಂದಾಳು ಇನ್ನೊಮ್ಮೆ ಅಲ್ಲಿಗೆ ಹೋಗಬೇಕಾದದ್ದು ಜೂನ್ ತಿಂಗಳ ಮೊದಲ ದೊಡ್ಡ ಮಳೆಯ ಮರುದಿನ. ಸ್ಲ್ಯಾಬ್ ಮತ್ತು ಗೋಡೆ ಕೂಡುವ ಮೂಲೆಗಳು, ಛಜ್ಜಾದ ಕೆಳಭಾಗ, ಕಿಟಕಿಯ ಹೊಸ್ತಿಲು, ಗಾಳಿಮಳೆ ಹೊಡೆಯುವ ಪಡುವಣ ಗೋಡೆ, ಇಷ್ಟನ್ನೂ ಕೈಯಿಟ್ಟು ನೋಡಿ, ತೇವ ಕಂಡ ಕಡೆ ಇದ್ದಿಲಿನಿಂದ ಗೆರೆ ಎಳೆದು, ಫೋಟೊ ತೆಗೆದುಕೊಳ್ಳಿ. ದೀಪಾವಳಿಯ ನಂತರದ ಮೊದಲ ರವಿವಾರ ಹೊಸ ಮನೆಯ ಪಾಯಕ್ಕೆ ಹೊರಡುವ ಮುನ್ನ, ಆ ಗೆರೆಗಳಿಗೆ ಗಿಲಾವು ಮಾಡಲು ಇಬ್ಬರು ಸ್ವಯಂಸೇವಕರನ್ನೂ ಒಬ್ಬ ಗವಂಡಿಯವರನ್ನೂ ಕಳಿಸಿ.